ಸುಳಿ ತೆಗೆಸಿದ ಗಡಿಯಾಳ

ಹೆಗಲ ವಸ್ತ್ರದ ಕೆಳಗೆ ಏನು ನಡೆಯುತ್ತದೆ ಎಂಬುದೇ ಚಿಕ್ಕಂದಿನಲ್ಲಿ ನನ್ನ ದೊಡ್ಡ ಪ್ರಶ್ನೆಯಾಗಿತ್ತು. ಮಳೆ ಎಲ್ಲಿಂದ ಬರುತ್ತದೆ, ದೇವರು ಎಲ್ಲಿರುತ್ತಾನೆ ಎಂದು ಬೇರೆ ಹುಡುಗಿಯರು ಕೇಳುತ್ತಿದ್ದರೇನೋ, ನನಗೆ ಆ ಚಿಂತೆ ಇರಲಿಲ್ಲ. ನನ್ನಪ್ಪ ದನದ ದಲ್ಲಾಳಿ. ಮೇಲವಂಕಿಯಲ್ಲಿ ನಮಗೆ ಒಂದಿಷ್ಟು ಹೊಲವಿತ್ತು, ಆದರೆ ಅಪ್ಪನ ಜೀವವಿದ್ದದ್ದು ಸಂತೆಯಲ್ಲಿ. ಮೂಡಲಗಿ, ಹುಕ್ಕೇರಿ, ಗೋಕಾಕ ಎಂದು ತಿರುಗುತ್ತಲೇ ಇರುತ್ತಿದ್ದ. ಮಾರುವವನಿಗೂ ಕೊಳ್ಳುವವನಿಗೂ ನಡುವೆ ಕುಕ್ಕರಗಾಲಿನಲ್ಲಿ ಕೂತು, ಹೆಗಲ ಮೇಲಿನ ವಸ್ತ್ರವನ್ನು ಕೈಗಳ ಮೇಲೆ ಎಳೆದುಕೊಂಡು, ಅದರ ಮರೆಯಲ್ಲಿ ಒಬ್ಬನ ಬೆರಳು ಹಿಡಿದು ಒತ್ತುತ್ತಿದ್ದ. ಆಮೇಲೆ ಇನ್ನೊಬ್ಬನ ಬೆರಳು. ಬಾಯಲ್ಲಿ ಮಾತ್ರ ಎತ್ತಿನ ನಿಂದೆಯೋ ಹೊಗಳಿಕೆಯೋ ನಡೆದೇ ಇರುತ್ತಿತ್ತು. ರೇಟು ಎಂಬ ವಸ್ತು ಮಾತ್ರ ಯಾರ ಬಾಯಿಂದಲೂ ಹೊರಗೆ ಬೀಳುತ್ತಿರಲಿಲ್ಲ. ಸುತ್ತ ನಿಂತ ನೂರು ಮಂದಿಗೆ ಗೊತ್ತಾಗದಂತೆ ಒಂದು ಜೋಡಿ ಎತ್ತು ಕೈ ಬದಲಾಗಿಬಿಡುತ್ತಿತ್ತು.

ಒಮ್ಮೆ ಮೂಡಲಗಿಯ ಸಂತೆಗೆ ನನ್ನನ್ನೂ ಕರೆದುಕೊಂಡು ಹೋಗಿದ್ದ. ತಡೆಯಲಾರದೆ ನಾನು ಬಗ್ಗಿ ವಸ್ತ್ರದ ಕೆಳಗೆ ಇಣುಕಿಬಿಟ್ಟೆ. ತುಕ್ಕಾನಟ್ಟಿಯ ಮುದುಕನೊಬ್ಬ ಸಿಟ್ಟಿಗೆದ್ದು, ಆಗುತ್ತಿದ್ದ ವ್ಯಾಪಾರ ಬಿಟ್ಟು, ಎತ್ತು ಬಿಚ್ಚಿಕೊಂಡು ಹೊರಟೇ ಹೋದ. ಅಪ್ಪ ನನ್ನನ್ನು ಬೈಯಲಿಲ್ಲ. ಆದರೆ ಮತ್ತೆಂದೂ ಸಂತೆಗೆ ಕರೆದೊಯ್ಯಲೂ ಇಲ್ಲ.

"ಏನ ಒತ್ತತಿ ಯಪ್ಪಾ, ಕೆಳಗ?" ಎಂದು ನಾನು ಮನೆಯಲ್ಲಿ ಪೀಡಿಸುತ್ತಿದ್ದೆ.

"ಹೆಣ್ಮಕ್ಕಳಿಗೆ ಯಾಕ ಬೇಕವಾ ಅದು?" ಎನ್ನುತ್ತಿದ್ದ. ಬಹಳ ಕಾಡಿದರೆ ಒಂದೇ ಮಾತು ಹೇಳುತ್ತಿದ್ದ. "ಬಾಯಿ ಸುಳ್ಳ ಹೇಳಬಹುದು. ಸಂತ್ಯಾಗ ಹೇಳಾಕs ಬೇಕು. ಆದ್ರ ವಸ್ತ್ರದ ಕೆಳಗ ಕೈ ಸುಳ್ಳ ಹೇಳಬಾರದು. ದಲ್ಲಾಳಿ ಸುಳ್ಳ ಒತ್ತಿದ್ರ ಕೈ ಹುಳಾ ಬೀಳತೈತಿ."

ಅಪ್ಪ ಊಟಕ್ಕೆ ಕೂತಾಗ ನಾನು ಅವನ ಬಲಗೈಯನ್ನು ಕದ್ದು ನೋಡುತ್ತಿದ್ದೆ. ಅಂಗೈಯಲ್ಲಿ ಹಗ್ಗ ಎಳೆದ ಜಡ್ಡು ಇತ್ತು, ಹುಳ ಇರಲಿಲ್ಲ. ಹಾಗಾದರೆ ಅಪ್ಪ ಸಾಚಾ ಮನುಷ್ಯ ಎಂದು ತಿಳಿದು ನೆಮ್ಮದಿಯಿಂದ ರೊಟ್ಟಿ ಮುರಿಯುತ್ತಿದ್ದೆ.

ಮುಂದೆ ನನ್ನ ಮದುವೆಯಾಯಿತು. ವರ್ಷ ತುಂಬುವುದರೊಳಗೆ ಗಂಡ ಜ್ವರ ಬಂದು ತೀರಿಹೋದ. ಅವನ ಮುಖ ನನಗೆ ಸರಿಯಾಗಿ ಪರಿಚಯವಾಗುವ ಮೊದಲೇ ನಾನು ತವರಿಗೆ ಮರಳಿದ್ದೆ. ಒಂದೆರಡು ವರ್ಷ ಸುಮ್ಮನಿದ್ದ ದೊಡ್ಡಪ್ಪ, ಅಂದರೆ ನಮ್ಮ ಅಪ್ಪನ ಅಣ್ಣ, ಒಂದು ದಿನ ಉಡಿಕಿಯ ಮಾತು ತೆಗೆದ. ನಮ್ಮಲ್ಲಿ ಗಂಡ ಸತ್ತವಳಿಗೆ ಮತ್ತೊಂದು ಸೀರೆ ಉಡಿಸಿ ಸಂಸಾರ ಹೂಡಿಸುವುದು ಉಂಟು, ಅದಕ್ಕೆ ಉಡಿಕಿ ಎನ್ನುತ್ತಾರೆ. ಅದರ ಬಗ್ಗೆ ನನಗೇನೂ ತಕರಾರು ಇರಲಿಲ್ಲ. ತಕರಾರು ಇದ್ದದ್ದು ಆ ಮನುಷ್ಯನ ಬಗ್ಗೆ. ಹುಕ್ಕೇರಿ ಕಡೆಯ ಗಾಣದ ಮಾಲೀಕ, ಮೀಸೆ ಬಂದ ಗಂಡುಮಕ್ಕಳಿದ್ದವನು. ನನ್ನನ್ನು ನೋಡಲು ಬಂದವನು ಮುಖ ನೋಡಲಿಲ್ಲ, ರಟ್ಟೆ ನೋಡಿದ. ದನದ ದಲ್ಲಾಳಿಯ ಮಗಳಿಗೆ ಆ ನೋಟ ಗೊತ್ತಾಗದೆ ಇರುತ್ತದೆಯೇ? ನನ್ನ ಮೈಯೆಲ್ಲ ಉರಿಯಿತು.

ಅದೇ ಸುಮಾರಿಗೆ ನಮ್ಮ ಅವ್ವನಿಗೆ ಕಾಲಿಗೆ ಗಾಯವಾಗಿ ಕೀವಾಯಿತು. ಘಟಪ್ರಭೆಯ ದವಾಖಾನೆಯಲ್ಲಿ ಅವಳ ಜೊತೆ ನಾನು ಇದ್ದೆ. ಅಲ್ಲಿನ ಮೇಟ್ರನ್ ಬಾಯಿ ದಪ್ಪ ಕನ್ನಡಕದ ಹೆಂಗಸು. ಮಾತು ಕಡಿಮೆ, ಹುಬ್ಬು ಹೆಚ್ಚು. ಗಾಯಕ್ಕೆ ಪಟ್ಟಿ ಕಟ್ಟುವಾಗೆಲ್ಲ ನಾನು ಬಾಯಿಬಿಟ್ಟು ಕೇಳುತ್ತಿದ್ದೆ. ಈ ಔಷಧ ಯಾಕೆ ಉರಿಯುತ್ತದೆ, ಆ ನಳಿಗೆಯನ್ನು ಬಾಯಲ್ಲಿ ಇಟ್ಟರೆ ಜ್ವರ ಹೇಗೆ ಗೊತ್ತಾಗುತ್ತದೆ, ಮಣಿಕಟ್ಟು ಹಿಡಿದು ಗಡಿಯಾಳ ಯಾಕೆ ನೋಡುತ್ತೀರಿ? ಕೊನೆಗೆ ಆಕೆ ಬೇಸತ್ತು ಅಪ್ಪನಿಗೆ ಹೇಳಿದರು, "ಈ ಹುಡುಗೀನ ಇಲ್ಲೇ ಬಿಡ್ರಿ. ಮೂರು ತಿಂಗಳು ನೋಡತೀನಿ. ಕೇಳಿದ್ದು ತಲೀಗೆ ಹೋಗತಿದ್ರ ನರ್ಸ್ ಆಗ್ತಾಳ, ಇಲ್ಲಾಂದ್ರ ಕಳಸ್ತೀನಿ."

ಮನೆಯಲ್ಲಿ ದೊಡ್ಡ ರಂಪವಾಯಿತು. ಅಪ್ಪ ಹೇಗೋ ಅಣ್ಣನ ಜೊತೆಗೆ ವ್ಯಾಪಾರ ಕುದುರಿಸಿದ. ಮೂರು ತಿಂಗಳ ಕೊನೆಗೆ ದವಾಖಾನೆಯವರು ನನ್ನನ್ನು ಇಟ್ಟುಕೊಂಡರೆ ಉಡಿಕಿಯ ಮಾತು ಮುಗಿಯಿತು. ತಿರುಗಿ ಕಳಿಸಿದರೆ ಮುಂದಿನ ತಿಂಗಳೇ ಹುಕ್ಕೇರಿ. ನನ್ನನ್ನು ಯಾರೂ ಏನೂ ಕೇಳಲಿಲ್ಲ, ಆದರೂ ನನಗೆ ಈ ಒಪ್ಪಂದ ಇಷ್ಟವಾಗಿತ್ತು.

ಮೂರು ತಿಂಗಳು ನಾಡಿ ಎಣಿಸಲು ಮೇಟ್ರನ್ ಬಾಯಿಯ ಗಡಿಯಾಳವನ್ನೇ ಕಡ ತರುತ್ತಿದ್ದೆ. ಗಡಿಯಾಳವೆಂದರೆ ನನಗೆ ಅದೊಂದೇ ಗೊತ್ತು. ದುಂಡಗಿನ ಬಿಳಿ ಮುಖ, ಅದರ ಹೊಟ್ಟೆಯ ಹತ್ತಿರ ಮತ್ತೊಂದು ಚಿಕ್ಕ ವೃತ್ತ, ಅದರೊಳಗೆ ಎಂದೂ ನಿಲ್ಲದೆ ಓಡುವ ಎಳೆಯಂಥ ಮುಳ್ಳು. ಆ ಮುಳ್ಳು ಒಂದು ಸುತ್ತು ಬರುವುದರೊಳಗೆ ಮಣಿಕಟ್ಟಿನಲ್ಲಿ ಎಷ್ಟು ಬಡಿತ ಬಡಿದವು ಎಂದು ಎಣಿಸಬೇಕು. ಒಬ್ಬ ಮನುಷ್ಯನೊಳಗೆ ನಡೆಯುವುದು ಹೊರಗಿನ ಮುಳ್ಳಿಗೆ ಹೇಗೆ ತಾಳೆಯಾಗುತ್ತದೆ ಎಂಬ ಆಶ್ಚರ್ಯ ನನಗೆ ಇಂದಿಗೂ ಪೂರ್ತಿ ಹೋಗಿಲ್ಲ. ಕೊನೆಯ ವಾರ ಮೇಟ್ರನ್ ಬಾಯಿ ಹೇಳಿದರು, "ಸೋಮವಾರ ಮುಂಜಾನೆ ನಿನ್ನ ಸ್ವಂತ ಗಡಿಯಾಳ ಹಿಡಕೊಂಡು ವಾರ್ಡಿನಾಗ ನಾಡಿ ಎಣಿಸಬೇಕು. ನಾ ಹಿಂದಿಂದ ಎಣಿಸ್ತೀನಿ. ಗಡಿಯಾಳ ಇಲ್ಲದ ನರ್ಸ್ ನನಗ ಬ್ಯಾಡ."

ಅಪ್ಪನಿಗೆ ಹೇಳಿಕಳಿಸಿದೆ. ರವಿವಾರ ಬೆಳಿಗ್ಗೆ ಬಂದ. ಇಬ್ಬರೂ ಮೋಟಾರು ಹತ್ತಿ ಗೋಕಾಕದ ಪೇಟೆಗೆ ಹೋದೆವು. ಯುದ್ಧ ನಡೆದಿದ್ದ ಕಾಲ, ಮೋಟಾರು ಇದ್ದಿಲ ಹೊಗೆಯ ಮೇಲೆ ಓಡುತ್ತಿತ್ತು, ಏರು ಬಂದಾಗ ಇಳಿದು ತಳ್ಳಬೇಕಾಗುತ್ತಿತ್ತು. "ನಾಡಿ ನೋಡೂ ಗಡ್ಯಾಳ ಬೇಕು" ಎಂದಷ್ಟೇ ನಾನು ಅಪ್ಪನಿಗೆ ಹೇಳಿದ್ದೆ. ಚಿಕ್ಕ ಮುಳ್ಳು ಇರಲೇಬೇಕು ಎಂದು ಹೇಳಿರಲಿಲ್ಲ. ಎತ್ತು ತರಲು ಹೊರಟವನಿಗೆ ನಾಲ್ಕು ಕಾಲು ಇದ್ದದ್ದೇ ತಾ ಎಂದು ಯಾರಾದರೂ ಹೇಳುತ್ತಾರೆಯೇ?

ಗಡಿಯಾಳದ ಅಂಗಡಿ ಎಂದರೆ ಒಂದು ಗಾಜಿನ ಪೆಟ್ಟಿಗೆ, ಒಂದು ಹಲಗೆ, ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡ ಮನುಷ್ಯ. ಯುದ್ಧದ ದೆಸೆಯಿಂದ ಹೊಸ ಮಾಲು ಬರುತ್ತಿರಲಿಲ್ಲ. ಯಾರೋ ಬಳಸಿ ಮಾರಿದ ಒಂದು ಕಿಸೆಗಡಿಯಾಳವನ್ನು ತೆಗೆದು ತೋರಿಸಿದ. ಮೇಟ್ರನ್ ಬಾಯಿಯದಕ್ಕಿಂತ ದೊಡ್ಡದು, ಆದರೆ ಹೊಟ್ಟೆಯ ಮೇಲೆ ಅದೇ ಚಿಕ್ಕ ವೃತ್ತ, ಅದೇ ಓಡುವ ಮುಳ್ಳು. ನೋಡಿದ ಕೂಡಲೇ ನನ್ನ ಮುಖ ಅರಳಿತು. ಅಪ್ಪ ನನ್ನ ಕಾಲು ತುಳಿದ. ಕೊಳ್ಳುವವರ ಮುಖ ಅರಳಬಾರದು.

"ಬಾಯಿ ತಗೀರಿ ಇದರದ," ಎಂದ ಅಪ್ಪ, ಹಲ್ಲು ನೋಡಿ ಎತ್ತಿನ ವಯಸ್ಸು ಹೇಳುವ ದನಿಯಲ್ಲೇ.

ಅಂಗಡಿಯವನಿಗೆ ಮೊದಲು ತಿಳಿಯಲಿಲ್ಲ. ಆಮೇಲೆ ನಗುತ್ತ ಹಿಂದಿನ ಮುಚ್ಚಳ ತೆಗೆದ. ಒಳಗೆ ಹಿತ್ತಾಳೆಯ ಚಕ್ರಗಳು, ಚಕ್ರಕ್ಕೆಲ್ಲ ಹಲ್ಲು. ಅಪ್ಪ ಬಗ್ಗಿ ನೋಡಿ ತಲೆ ಅಲ್ಲಾಡಿಸಿದ. "ಬಾಯಿಗೂಡೈತಿ. ಹಲ್ಲೆಲ್ಲಾ ಸವದಾವು. ಮುದುಕ ಮಾಲು ಇದು."

"ಕಾಕಾ, ಗಡ್ಯಾಳದ ಹಲ್ಲು ಸವದಿದ್ರ ನಡೀತಿರಲಿಲ್ಲರಿ."

ಅಪ್ಪ ಅದನ್ನು ಕಿವಿಗೆ ಹಿಡಿದ. "ಏದುಸಿರ ಬಿಡಾಕತ್ತೈತಿ. ಏರ ಹತ್ತೂದಿಲ್ಲ."

ನನಗೆ ನಗು ತಡೆಯಲಾಗಲಿಲ್ಲ. ಎಷ್ಟೋ ವರ್ಷ ದೂರದಿಂದ ಕೇಳಿದ್ದ ಸಂತೆಯ ಮಾತು ಇಂದು ನನ್ನ ಮುಂದೆಯೇ, ನನಗಾಗಿಯೇ ನಡೆದಿತ್ತು. ಆಗ ಅಪ್ಪ ಗಡಿಯಾಳದ ಮುಖ ತಿರುಗಿಸಿ ನೋಡಿದ. ಚಿಕ್ಕ ವೃತ್ತದ ಮೇಲೆ ಬೆರಳಿಟ್ಟ. ಹುಬ್ಬು ಗಂಟಿಕ್ಕಿದ.

"ಏ, ಇದರ ಹೊಟ್ಟಿ ಮ್ಯಾಲ ಸುಳಿ ಐತಲ್ಲೋ!"

ಎತ್ತಿನ ಮೈಮೇಲೆ ಕೂದಲು ಸುತ್ತಿಕೊಂಡು ಬೆಳೆದರೆ ಅದು ಸುಳಿ. ಅದು ಎಲ್ಲಿದೆ ಎಂಬುದರ ಮೇಲೆ ಆ ಎತ್ತು ಕಾಲಿಟ್ಟ ಮನೆ ಏಳುತ್ತದೆಯೋ ಬೀಳುತ್ತದೆಯೋ ಎಂದು ನಮ್ಮವರು ಹೇಳುತ್ತಿದ್ದರು. ಎಂಥ ಜಾತಿ ಎತ್ತಾದರೂ ಕೆಟ್ಟ ಸುಳಿ ಕಂಡರೆ ರೇಟು ಅರ್ಧಕ್ಕೆ ಬೀಳುತ್ತಿತ್ತು. ಅಪ್ಪ ಹೂಡಿದ ಈ ಹೊಸ ಬಾಣಕ್ಕೆ ನಾನು ಮನಸ್ಸಿನಲ್ಲೇ ಶಹಭಾಸ್ ಎಂದೆ.

ಅಂಗಡಿಯವನೂ ಕಡಿಮೆಯವನಲ್ಲ. "ಎತ್ತಿನ ಸುಳಿ ತಗ್ಯಾಕ ಬರೂದಿಲ್ಲರಿ ಕಾಕಾ. ಇದರ ಸುಳಿ ತಗ್ಯಾಕ ಬರತೈತಿ. ಬ್ಯಾಡಂದ್ರ ತಗದ ಕೊಡಲೇನು?" ಎಂದ. ನಾನು ಗಟ್ಟಿಯಾಗಿ ನಕ್ಕೆ. ಅಪ್ಪ ನಗಲಿಲ್ಲ. ಹೆಗಲ ವಸ್ತ್ರ ಎಳೆದು ಕೈಮೇಲೆ ಹಾಕಿಕೊಂಡ. ಅಂಗಡಿಯವನು ಹುಕ್ಕೇರಿಯವನು, ಅವನ ಮನೆಯಲ್ಲಿ ಬೆಲ್ಲದ ಅಡತಿ ಇತ್ತಂತೆ, ಅಲ್ಲಿಯೂ ದಲ್ಲಾಳಿ ವ್ಯಾಪಾರ ವಸ್ತ್ರದ ಕೆಳಗೇ. ಆ ಭಾಷೆ ಅವನಿಗೂ ಬರುತ್ತಿತ್ತು. ವಸ್ತ್ರದ ಕೆಳಗೆ ಕೈ ತೂರಿಸಿದ. ನಾನು ಬಟ್ಟೆಯ ಮೇಲೆ ಎದ್ದು ಬೀಳುವ ಗಂಟುಗಳನ್ನೇ ನೋಡುತ್ತ ಕೂತೆ. ಏನೂ ತಿಳಿಯಲಿಲ್ಲ. ಕೊನೆಗೆ ಇಬ್ಬರೂ ಕೈ ಹೊರತೆಗೆದು, ವ್ಯಾಪಾರ ಮುಗಿಯಿತೆಂದು ಕೈಗೆ ಕೈ ಬಡಿದರು. ಅಂಗಡಿಯವನು ನಮಗೆ ಬೆನ್ನು ತಿರುಗಿಸಿ ಸ್ವಲ್ಪ ಹೊತ್ತು ಏನೋ ಮಾಡಿ, ಗಡಿಯಾಳವನ್ನು ಕೆಂಪು ಕಾಗದದಲ್ಲಿ ಸುತ್ತಿ ಕೊಟ್ಟ.

ಮೋಟಾರಿನಲ್ಲಿ ಕೂತ ಮೇಲೆ ಅಪ್ಪ ಮೂರು ರೂಪಾಯಿ ತೆಗೆದು ನನ್ನ ಕೈಯಲ್ಲಿ ಹಾಕಿದ. "ಇಪ್ಪತ್ತೈದಕ್ಕ ಬಂದು ನಿಂತಿದ್ದ. ಸುಳಿ ಸಲುವಾಗಿ ಇನ್ನೂ ಮೂರು ಇಳಿಸಿದೆ. ಇದು ನಿನ್ನ ಕೈಖರ್ಚಿಗೆ ಇರ್ಲಿ." ಅವನ ಮುಖದಲ್ಲಿ ಸಂತೆ ಗೆದ್ದ ಕಳೆ ಇತ್ತು.

ಅರ್ಧ ದಾರಿಯಲ್ಲಿ ತಡೆಯಲಾರದೆ ಕಾಗದ ಬಿಚ್ಚಿದೆ. ನನ್ನ ನಾಡಿಯನ್ನೇ ಎಣಿಸಿ ನೋಡೋಣವೆಂದು ಎಡಗೈಯ ಮಣಿಕಟ್ಟಿನ ಮೇಲೆ ಬೆರಳಿಟ್ಟು ಗಡಿಯಾಳ ನೋಡಿದೆ. ದೊಡ್ಡ ಮುಳ್ಳುಗಳೆರಡೂ ಇದ್ದವು. ಚಿಕ್ಕ ವೃತ್ತ ಖಾಲಿ. ನಡುವೆ ಒಂದು ಚುಕ್ಕೆಯಷ್ಟು ತೂತು.

"ಯಪ್ಪಾ, ಇದರ ಸಣ್ಣ ಮುಳ್ಳ ಎಲ್ಲೈತಿ?"

"ತಗಸೇನಿ," ಎಂದ ಹೆಮ್ಮೆಯಿಂದ. "ಚೇಷ್ಟಿ ಅಂದಕೊಂಡಿದ್ದೇನು? ನಾ ಖರೇನ ತಗಸೇನಿ. ಒಂದ ಸವನ ತಿರಗೂ ಸುಳಿ ಅದು, ಕಂಡೇನಿ ನಾ. ಅಂಥಾದ್ದು ಮೈಮ್ಯಾಲ ಇದ್ರ ಒಂದ ಕಡೆ ನಿಲ್ಲಗೊಡೂದಿಲ್ಲ. ನೀ ಆ ದವಾಖಾನ್ಯಾಗ ನಿಲ್ಲಬೇಕಲ್ಲವಾ?"

ನನಗೆ ಒಮ್ಮೆಲೇ ಅಳು ಬಂತು. ಸಿಟ್ಟೂ ಬಂತು, ಅವನ ಮೇಲೆ ಮಮತೆಯೂ ಉಕ್ಕಿತು. ಗಂಡನನ್ನು ಕಳೆದುಕೊಂಡ ಮಗಳ ಮೈಮೇಲೆ ಇನ್ನೊಂದು ಕೆಟ್ಟ ಗುರುತು ಇರಬಾರದೆಂದು ಅವನು ಮಾಡಿದ್ದು. ಆದರೆ ನನ್ನನ್ನು ನಿಲ್ಲಿಸಬೇಕಾದದ್ದು ಅದೇ ಮುಳ್ಳು. ಬಿಕ್ಕುತ್ತ ಎಲ್ಲ ಹೇಳಿದೆ. ಆ ಮುಳ್ಳು ಸುತ್ತು ಬಂದರೆ ನಾಡಿ, ನಾಡಿ ಎಣಿಸಿದರೆ ನರ್ಸು, ಇಲ್ಲವಾದರೆ ಹುಕ್ಕೇರಿಯ ಗಾಣ.

ಅಪ್ಪನ ಮುಖ ಕಪ್ಪಿಟ್ಟಿತು. ಎದ್ದು ಮೋಟಾರು ನಿಲ್ಲಿಸಿದ. ಇಳಿದು ಗೋಕಾಕದ ಕಡೆಗೆ ತಿರುಗಿ ನಡೆಯತೊಡಗಿದೆವು. ಬಿಸಿಲು ಇನ್ನೂ ಚುರುಕಾಗಿತ್ತು. ಸ್ವಲ್ಪ ದೂರ ಹೋದ ಮೇಲೆ ಅಪ್ಪ ನಿಂತ.

"ನನಗ ಬರೂದಿಲ್ಲವಾ. ವಸ್ತ್ರದ ಕೆಳಗ ಒಮ್ಮೆ ಕೈ ಕೊಟ್ಟ ಮ್ಯಾಲ ತಿರುಗಿ ಹೋಗಿ, ನಾ ಬ್ಯಾಡಂದದ್ದು ಈಗ ಬೇಕು ಅನ್ನಾಕ ಬರೂದಿಲ್ಲ. ಇಷ್ಟ ವರ್ಷ ಯಾರ ಮುಂದೂ ಹಂಗ ಮಾಡಿಲ್ಲ."

"ಮತ್ತ ಹೆಂಗ, ಯಪ್ಪಾ?"

ವಸ್ತ್ರವನ್ನು ಒಂದು ಹೆಗಲಿಂದ ಇನ್ನೊಂದು ಹೆಗಲಿಗೆ ಹಾಕಿಕೊಂಡ. ಆಮೇಲೆ ಅವನ ಕಣ್ಣಿನ ಮೂಲೆಯಲ್ಲಿ ಸಂತೆಯ ಮಿಂಚು ಬಂತು. "ನಾ ಕೊಳ್ಳಾಕ ಬರೂದಿಲ್ಲ. ಆದ್ರ ದಲ್ಲಾಳಿ ಆಗಾಕ ಬರತೈತಿ. ಕೊಳ್ಳಾಕಿ ನೀನು. ಕೈ ಕೊಡು ಇಲ್ಲೆ."

ಹೀಗೆ, ಗೋಕಾಕಕ್ಕೆ ಹೋಗುವ ಧೂಳಿನ ದಾರಿಯಲ್ಲಿ, ಹಿಂದೆ ಮುಂದೆ ಯಾರೂ ಬರುತ್ತಿಲ್ಲವೆಂದು ನೋಡಿಕೊಂಡು, ನನ್ನಪ್ಪ ನನಗೆ ವಸ್ತ್ರದ ಭಾಷೆ ಕಲಿಸಿದ. ಹತ್ತರ ಲೆಕ್ಕವೋ ಬಿಡಿ ರೂಪಾಯಿಯೋ ಎಂದು ಮೊದಲು ಬಾಯಲ್ಲಿ ಹೇಳಬೇಕು. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಇಡೀ ಕೈ ಹಿಡಿದರೆ ಐದು. ಐದು ದಾಟಬೇಕಾದರೆ ಇಡೀ ಕೈ ಒತ್ತಿ, ಬಿಟ್ಟು, ಮತ್ತೆ ಬೆರಳು ಹಿಡಿಯಬೇಕು. ಬೆರಳಿನ ನಡುಗೆಣ್ಣು ಒತ್ತಿದರೆ ಅರ್ಧ. ಇಷ್ಟೇ. ಇಷ್ಟಕ್ಕಾಗಿ ನಾನು ಬಾಲ್ಯವೆಲ್ಲ ನಿದ್ದೆಗೆಟ್ಟಿದ್ದೆನೇ ಎಂದು ಒಂದು ಕ್ಷಣ ಪಿಚ್ಚೆನಿಸಿತು. ಆದರೆ ಅಪ್ಪನ ಜಡ್ಡುಗಟ್ಟಿದ ಕೈ ನನ್ನ ಬೆರಳುಗಳನ್ನು ಒಂದೊಂದಾಗಿ ಹಿಡಿದು "ಇದು ಎಷ್ಟು? ಇದು?" ಎಂದು ಕೇಳುವಾಗ, ಅಳುತ್ತಿದ್ದವಳು ನಾನೇ ಎಂಬುದು ಮರೆತುಹೋಯಿತು.

ಅಂಗಡಿಯವನು ನಮ್ಮನ್ನು ನೋಡಿ ಭೂತಗನ್ನಡಿ ತೆಗೆದ. ಚಿಕ್ಕ ಮುಳ್ಳನ್ನು ಒಂದು ಬೆರಳಷ್ಟು ಗಾಜಿನ ಶೀಶೆಯಲ್ಲಿ ಹಾಕಿಟ್ಟಿದ್ದ. ಸಂಗತಿ ಕೇಳಿ ತುಟಿ ಕಚ್ಚಿದ.

"ಇದು ಈಗ ಮುಂಬಯಿಯಿಂದಾನೂ ಬರವಲ್ದು ತಂಗಿ. ರೇಲ್ವೆದವರೊಬ್ಬರು ಇಂಥಾದ್ದೊಂದು ಸಿಕ್ರ ತಗದಿಡು ಅಂತ ಹೇಳಿಟ್ಟಾರ. ಅದಕ್ಕs ಮೂರು ರೂಪಾಯಿ ಬಿಟ್ಟು ತಗೊಂಡೆ. ಹಂಗs ತಿರುಗಿ ಕೊಡಾಕ ಹೆಂಗ ಬರತೈತಿ?"

"ಕೊಡಬ್ಯಾಡ್ರಿ, ಮಾರ್ರಿ," ಎಂದ ಅಪ್ಪ, ಹಲಗೆಯ ಮೇಲೆ ನಮ್ಮಿಬ್ಬರ ನಡುವೆ ಕೂಡುತ್ತ. "ನಾ ಕೊಳ್ಳಾಂವ ಅಲ್ಲ ಈಗ. ನಾ ದಲ್ಲಾಳಿ. ಕೊಳ್ಳಾಕಿ ಇಕಿ. ಬಿಡಿ ರೂಪಾಯಿ ವ್ಯಾಪಾರ."

ಪರಹೆಂಗಸಿನ ಕೈ ಅಂಗಡಿಯವನು ಹಿಡಿಯುವಂತಿರಲಿಲ್ಲ. ಅದಕ್ಕೆ ಅಪ್ಪನ ಬಲಗೈ ಅವನ ಕಡೆಗೆ, ಎಡಗೈ ನನ್ನ ಕಡೆಗೆ, ಎರಡರ ಮೇಲೂ ವಸ್ತ್ರ. ಎಳೆವೆಯಿಂದ ಹೊರಗೆ ನಿಂತು ನೋಡಿದ್ದ ಆ ಕತ್ತಲೆಯೊಳಗೆ ನನ್ನ ಕೈ ಕೊನೆಗೂ ಹೋಯಿತು. ಒಳಗೆ ಬೆಚ್ಚಗಿತ್ತು, ತಂಬಾಕಿನ ವಾಸನೆ ಇತ್ತು. ಅಪ್ಪ ನನ್ನ ಇಡೀ ಕೈ ಹಿಡಿದು ಒತ್ತಿದ. ಐದು! ನನ್ನ ಹತ್ತಿರ ಇದ್ದದ್ದು ಮೂರು.

ನಾನು ಅಪ್ಪನ ಒಂದೇ ಬೆರಳು ಹಿಡಿದೆ. ಬಾಯಲ್ಲಿ ನಿಂದೆ ಶುರು ಮಾಡಬೇಕಲ್ಲ? ನನಗೆ ಪ್ರಾಣಕ್ಕಿಂತ ಹೆಚ್ಚಾಗಿ ಬೇಕಾಗಿದ್ದ ವಸ್ತುವನ್ನು ಹೇಗೆ ನಿಂದಿಸುವುದು? "ಇದೇನ ಮುಳ್ಳರಿ ಅಣ್ಣಾರ," ಎಂದೆ, "ಕಾಲಾಗ ನಟ್ಟರ ಸುದ್ದಾ ಗೊತ್ತಾಗೂದಿಲ್ಲ!"

ಅಂಗಡಿಯವನು ನಕ್ಕುಬಿಟ್ಟ. ಅಪ್ಪ ನಗಲಿಲ್ಲ, ಆದರೆ ವಸ್ತ್ರದ ಕೆಳಗೆ ಅವನ ಕೈ ನನ್ನ ಕೈಯನ್ನು ಒಮ್ಮೆ ಸುಮ್ಮನೆ ಅದುಮಿತು. ಅದಕ್ಕೆ ಲೆಕ್ಕದಲ್ಲಿ ಅರ್ಥವಿರಲಿಲ್ಲ.

"ರೇಲ್ವೆದವರಿಗೆ ರೇಲ್ವೆ ನಿಲ್ದಾಣದಾಗs ಇಷ್ಟು ದೊಡ್ಡ ಗಡ್ಯಾಳ ಐತಿ. ಅವರಿಗ್ಯಾಕ ಇದು?" ಎಂದೆ. ಧೈರ್ಯ ಬರತೊಡಗಿತ್ತು. ನಾಲ್ಕು ಬೆರಳು ಬಂತು. ನಾನು ಒಂದಕ್ಕೆ ಅರ್ಧ ಸೇರಿಸಿದೆ. ಅಪ್ಪ ಆ ಕಡೆ ತಿರುಗಿದ, ಈ ಕಡೆ ತಿರುಗಿದ, ಗಂಟಲಲ್ಲೇ ಗೊಣಗಿದ. ಮೂರೂವರೆ. ನಾನು ಎರಡು. ಅಪ್ಪನಿಗೆ ಆಗ ದೊಡ್ಡದೊಂದು ಕೆಮ್ಮು ಬಂತು, ಬಲಗೈ ತೆಗೆದು ಎದೆ ಒತ್ತಿಕೊಂಡು ಮತ್ತೆ ವಸ್ತ್ರದ ಕೆಳಗೆ ಹಾಕಿದ. ಕೆಮ್ಮಿನ ನಡುವೆ ಎಲ್ಲೋ ಠಣ್ ಎಂದಂತಾಯಿತು. ಅಂಗಡಿಯವನ ಚಿಮಟಿಗೆ ಬಿದ್ದಿರಬೇಕು ಅಂದುಕೊಂಡೆ. ಕೆಮ್ಮು ನಿಂತ ಮೇಲೆ ಅಪ್ಪ ನನ್ನ ಎರಡು ಬೆರಳು ಹಿಡಿದ, ಮೂರನೆಯದರ ನಡುಗೆಣ್ಣು ಒತ್ತಿದ. ಎರಡೂವರೆ. ನಾನು ಅದನ್ನೇ ತಿರುಗಿ ಒತ್ತಿದೆ. ಅಪ್ಪ ವಸ್ತ್ರ ತೆಗೆದು ಹೆಗಲ ಮೇಲೆ ಹಾಕಿಕೊಂಡ.

"ಮುಗೀತು," ಎಂದ.

ಅಂಗಡಿಯವನು ಚಿಮಟಿಗೆಯಿಂದ ಆ ಎಳೆಯನ್ನು ಎತ್ತಿ ಅದರ ತೂತಿನಲ್ಲಿ ಕೂಡಿಸಿದ. ಒಂದು ಕ್ಷಣ ಅದು ಅಲುಗಲಿಲ್ಲ. ಆಮೇಲೆ ಏನೂ ಆಗಿಲ್ಲವೆಂಬಂತೆ ಓಡತೊಡಗಿತು. ನನ್ನ ರೂಪಾಯಿಗಳನ್ನು ತೆಗೆದುಕೊಂಡು, ಎಂಟಾಣೆ ತಿರುಗಿ ಕೊಡುವಾಗ ಅವನು ಅಪ್ಪನ ಮುಖ ನೋಡಿ ತಲೆ ಅಲ್ಲಾಡಿಸಿ ನಕ್ಕ. ಸೋತವನ ನಗು ಎಂದು ನಾನು ಬೀಗಿದೆ. ಆ ಎಂಟಾಣೆಗೆ ಕರದಂಟು ಕೊಂಡೆ. ಘಟಪ್ರಭೆ ಬರುವವರೆಗೂ ಇಬ್ಬರೂ ಅದನ್ನು ಜಗಿಯುತ್ತ, ಮಾತಾಡದೆ ಬಂದೆವು. ಅದು ಬಾಯಲ್ಲಿದ್ದಾಗ ಮಾತಾಡಲು ಬರುವುದೂ ಇಲ್ಲ.

ಮರುದಿನ ಮೇಟ್ರನ್ ಬಾಯಿ ನನ್ನ ಹಿಂದೆ ಹಿಂದೆ ಬಂದರು. ನಾನು ಎಣಿಸಿದೆ, ಅವರೂ ಎಣಿಸಿದರು. ಒಬ್ಬ ಮುದುಕನ ನಾಡಿಯಲ್ಲಿ ಮಾತ್ರ ಎರಡು ಬಡಿತದ ಅಂತರ ಬಂತು. ಆಕೆ ಮತ್ತೆ ಎಣಿಸಿ, "ನಂದs ತಪ್ಪಿತ್ತು," ಎಂದರು. ಸಂಜೆಗೆ ನನಗೆ ಬಿಳಿ ಸೀರೆ ಕೊಟ್ಟರು. ಗಾಣದವನು ಬೇರೆ ರಟ್ಟೆ ಹುಡುಕಿಕೊಂಡನಂತೆ.

ಆಮೇಲೆ ಎಷ್ಟೋ ಸಲ, ಎಷ್ಟೋ ಮಂದಿಯ ಮುಂದೆ ನಾನು ಆ ಎರಡೂವರೆ ರೂಪಾಯಿಯ ಕತೆ ಹೇಳಿ ಜಂಬ ಕೊಚ್ಚಿದ್ದೇನೆ. ದಲ್ಲಾಳಿಯ ಮಗಳು, ಐದಕ್ಕೆ ನಿಂತವನನ್ನು ಅರ್ಧಕ್ಕೆ ಇಳಿಸಿದೆ ಎಂದು. ಅಪ್ಪ ಅಲ್ಲೇ ಇದ್ದರೆ ತಂಬಾಕು ತಿಕ್ಕುತ್ತ ಹೂಂಗುಟ್ಟುತ್ತಿದ್ದ.

ಕೆಲವು ವರ್ಷಗಳ ಮೇಲೆ ಅಪ್ಪನನ್ನು ಹುಕ್ಕೇರಿಯ ಸಂತೆಯಿಂದಲೇ ಚಕ್ಕಡಿಯಲ್ಲಿ ಮಲಗಿಸಿಕೊಂಡು ನಮ್ಮ ದವಾಖಾನೆಗೆ ತಂದರು. ಮೈ ಕೆಂಡ. ಆ ಸಲ ಅಪ್ಪ ಉಳಿದುಕೊಂಡ, ಮೊದಲೇ ಹೇಳಿಬಿಡುತ್ತೇನೆ, ಇಲ್ಲವಾದರೆ ಓದುವವರು ಸುಮ್ಮನೆ ಕಣ್ಣೊರೆಸಿಕೊಂಡಾರು. ಆದರೆ ಆ ಮಧ್ಯಾಹ್ನ ಅದು ನನಗೆ ಗೊತ್ತಿರಲಿಲ್ಲ. ಮಣಿಕಟ್ಟು ಹಿಡಿದು ಗಡಿಯಾಳ ನೋಡುತ್ತ ಎಣಿಸಿದೆ. ಮುಳ್ಳು ತನ್ನ ಪಾಡಿಗೆ ಓಡುತ್ತಿತ್ತು, ನಾಡಿ ಅದಕ್ಕಿಂತ ಎರಡು ಪಟ್ಟು ಓಡುತ್ತಿತ್ತು.

ಅಪ್ಪ ಕಣ್ಣು ತೆರೆದ. ತಲೆದಿಂಬಿನ ಮೇಲಿದ್ದ ತನ್ನ ವಸ್ತ್ರವನ್ನು ಎಳೆದು ನಮ್ಮಿಬ್ಬರ ಕೈಗಳ ಮೇಲೆ ಹಾಕಿದ.

"ಎಷ್ಟಕ್ಕ ನಿಂತೈತಿ?"

"ಹತ್ತರ ಲೆಕ್ಕ," ಎಂದೆ ಬಾಯಲ್ಲಿ. ಇಡೀ ಕೈ ಒತ್ತಿದೆ, ಬಿಟ್ಟು ಎರಡು ಬೆರಳು ಹಿಡಿದೆ. ಎಪ್ಪತ್ತು. ಗಟ್ಟಿಮುಟ್ಟಾದ ಮನುಷ್ಯನ ನಾಡಿ.

ಅಪ್ಪನ ಒಣಗಿದ ತುಟಿಯಲ್ಲಿ ನಗು ಕಂಡಿತು. "ಸುಳ್ಳ. ನಿನ್ನ ಬೆರಳ ನಡಗಿದ್ವು. ಕೈ ಹುಳಾ ಬೀಳತೈತಿ ನೋಡು."

ನನಗೆ ಕಣ್ಣು ತುಂಬಿತು. ಅಪ್ಪ ನಿಧಾನವಾಗಿ ತನ್ನ ಅಂಗೈಯನ್ನು ವಸ್ತ್ರದ ಹೊರಗೆ ತಂದು ನನ್ನ ಮುಂದೆ ತೆರೆದ.

"ಅಂಜಬ್ಯಾಡ. ನಂದೂ ಬಿದ್ದಿಲ್ಲ."

"ನೀ ಎಲ್ಲಿ ಸುಳ್ಳ ಒತ್ತೀದಿ, ಯಪ್ಪಾ?"

"ಗೋಕಾಕದಾಗ. ಆ ಗಡ್ಯಾಳದಂವ ಐದರಿಂದ ಕೆಳಗ ಇಳೀಲೇ ಇಲ್ಲವಾ. ಕಡೀತನಕಾ ಇಡೀ ಕೈ ಹಿಡಕೊಂಡs ಕುಂತಿದ್ದ. ನಾಲ್ಕೂ ನಂದು, ಮೂರೂವರಿನೂ ನಂದು. ಉಳಿದದ್ದು ವಸ್ತ್ರದ ಕೆಳಗs ಅವನ ಕೈಯಾಗ ಹಾಕಿದೆ."

ಆ ಕೆಮ್ಮು ನನಗೆ ನೆನಪಾಯಿತು. ಆ ಠಣ್ ಎಂಬ ಸದ್ದೂ ನೆನಪಾಯಿತು.

"ಯಾಕ? ಸೀದಾ ಐದು ಕೊಡಸಿದ್ರ ಆಗತಿತ್ತಲ್ಲ?"

ಅಪ್ಪ ದಿಂಬಿನ ಮೇಲೆ ತಲೆ ನನ್ನ ಕಡೆಗೆ ಹೊರಳಿಸಿದ. ಉಸಿರು ಸಾಲುತ್ತಿರಲಿಲ್ಲ. "ಬಂದಾವ್ರೆಲ್ಲಾ ನಿನ್ನ ರಟ್ಟಿ ನೋಡಿ ಹೋದ್ರು, ನಾ ಕುಂತ ನೋಡಿದೆ. ಒಂದ ಸಲ ನೀ ಕೊಳ್ಳಾಕಿ ಆಗಿ ಗೆಲ್ಲೂದು ನೋಡಬೇಕನಿಸ್ತು."

ಅವನು ಕೈಯನ್ನು ಮತ್ತೆ ವಸ್ತ್ರದ ಕೆಳಗೆ ತಂದ.

"ಈಗ ಖರೇದ್ದು ಒತ್ತು."

ಇಡೀ ಕೈ ಒತ್ತಿದೆ. ಬಿಟ್ಟು, ಮತ್ತೊಮ್ಮೆ ಇಡೀ ಕೈ ಒತ್ತಿದೆ. ಆಮೇಲೆ ಎರಡು ಬೆರಳು ಹಿಡಿದೆ. ನೂರಿಪ್ಪತ್ತು. ಈ ಸಲ ನಡುಗಲಿಲ್ಲ. ಅಪ್ಪ ಕಣ್ಣು ಮುಚ್ಚಿ ಲೆಕ್ಕ ಕೂಡಿಸಿದ, ಹುಬ್ಬು ಗಂಟಿಕ್ಕಿದ, ಆಗದ ಮಾಲಿನ ಮುಂದೆ ಮಾಡುವಂತೆ ತಲೆ ಅಲ್ಲಾಡಿಸಿದ.

"ಬಾಳ ತುಟ್ಟಿ ಆತವಾ," ಎಂದ. "ಸ್ವಲ್ಪ ಇಳಸು."

ನಾನು ಆ ವಸ್ತ್ರವನ್ನೇ ತೆಗೆದು, ತಣ್ಣೀರಿನಲ್ಲಿ ಅದ್ದಿ ಹಿಂಡಿ, ಅವನ ಹಣೆಯ ಮೇಲೆ ಹಾಕಿದೆ.